ಬೋರಲು ಹಾಕಿದ ಫೋಟೊ

ನಮಗೆ ಪಾಠ ಮಾಡಿದ ಮೇಡಂ ತೀರಿಕೊಂಡ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬೆಳಗಿನ ತಿಂಡಿ ಹೊತ್ತಿಗೆ ಬಂತು. ಹಾಸನದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿ ಸಿನಿಮಾ, ವಿಡಿಯೊ, ಫೋಟೊಗ್ರಫಿ ಓದಿದ ಹಳೇ ವಿದ್ಯಾರ್ಥಿಗಳ ಗುಂಪು ಅದು. ಅದರಲ್ಲಿ ಇರುವವರೆಲ್ಲ ಕ್ಯಾಮೆರಾ ಹಿಡಿದೇ ಅನ್ನ ತಿನ್ನುವವರು. ಬೇರೆ ಯಾರೇ ಹೋಗಿದ್ದರೂ ಐದು ನಿಮಿಷದಲ್ಲಿ ಫೋಟೊ, ದೀಪ, ಹೂವಿನ ಹಾರ, ‘ಭಾವಪೂರ್ಣ ಶ್ರದ್ಧಾಂಜಲಿ’ ಎಲ್ಲ ತಯಾರಾಗಿ ಬರುತ್ತಿತ್ತು. ಅವತ್ತು ಮಧ್ಯಾಹ್ನದವರೆಗೆ ಬರೀ ಕೈಮುಗಿದ ಚಿತ್ರಗಳು. ಮೇಡಂ ಫೋಟೊ ಒಂದೂ ಇಲ್ಲ.

ಫೋಟೊ ಯಾರ ಹತ್ತಿರವೂ ಇರಲಿಲ್ಲ ಅಂತಲ್ಲ. ನನ್ನ ಹತ್ತಿರವೇ ಬೇಕಾದಷ್ಟಿದ್ದವು. ಬೋರ್ಡಿನ ಮುಂದೆ ನಿಂತು ಬೈಯುತ್ತಿರುವುದು, ಕ್ಯಾಂಟೀನಿನಲ್ಲಿ ಕಾಫಿ ಆರಿಸುತ್ತಿರುವುದು, ನಮ್ಮ ಸಿನಿಮಾ ಓಡುವಾಗ ಕುರ್ಚಿಯಲ್ಲೇ ತೂಕಡಿಸುತ್ತಿರುವುದು. ಎಲ್ಲ ಕದ್ದು ತೆಗೆದವು. ಮೇಡಂ ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ. ಅವರು ನೋಡದ ಫೋಟೊ ಹಾಕುವುದು ಹೇಗೆ? ಕೊನೆಗೆ ನನ್ನ ಜೊತೆ ಓದಿದ ಕಟ್ಟಾಯದ ಗೆಳೆಯ ಫೋನ್ ಮಾಡಿ, “ಲೇ, ಮೇಡಮ್ಮು ನೋಡಿರೋ ಫೋಟೊ ಯಾವ್ದಾದ್ರೂ ಐತೇನ್ಲಾ?” ಅಂದ. ಹೊರಗಿನವರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ನಮಗೆ ನಗು ಬರಲಿಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಬ್ಯಾಚಿನ ಗ್ರೂಪ್ ಫೋಟೊ. ಅದನ್ನು ಮೇಡಂ ನೋಡಿದ್ದರು, “ಇರ್ಲಿ, ಪರವಾಗಿಲ್ಲ” ಅಂದಿದ್ದರು ಕೂಡ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈ ಹಣೆಗೆ ಅಡ್ಡ ಇಟ್ಟುಕೊಂಡು ನಿಂತಿದ್ದಾರೆ. ಅದರಿಂದ ಅವರೊಬ್ಬರನ್ನೇ ಕತ್ತರಿಸಿ ಹಾಕಿದೆವು. ಜೀವಮಾನವೆಲ್ಲ ಬೆಳಕಿನ ಪಾಠ ಮಾಡಿದವರಿಗೆ ಅಂಥ ಕೆಟ್ಟ ಬೆಳಕಿನ ಫೋಟೊ.

ಮೇಡಂ ಅರಕಲಗೂಡಿನವರು. ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬಂದು ಹೋಗುತ್ತಿದ್ದರು. ಕುಳ್ಳಗಿದ್ದರು. ಹತ್ತಿ ಸೀರೆ ಉಟ್ಟು ಕಾಲಿಗೆ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಮೊದಲ ವಾರ ಹುಡುಗಿಯರು ಅದನ್ನು ನೋಡಿ ಕಿಸಕ್ಕೆಂದು ನಕ್ಕರು. ಹೊಲದ ಬದುವಿನ ಮೇಲೆ ಒಂದು ಇಡೀ ದಿನ ಟ್ರೈಪಾಡ್ ಹೊತ್ತು ತಿರುಗಿದ ಮೇಲೆ ಅವರೂ ಶೂ ಕೊಂಡರು. ಮೇಡಂಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಊರು ಮಾತ್ರ ಒಂದು ಸಲ ಕೇಳಿದರೆ ಮರೆಯುತ್ತಿರಲಿಲ್ಲ. ಹಾಗಾಗಿ ಎಲ್ಲರನ್ನೂ ಊರಿನ ಹೆಸರಿನಲ್ಲೇ ಕರೆಯುತ್ತಿದ್ದರು. ನಾನು ‘ಹಿರೀಸಾವೆ’. ಗೆಳೆಯ ‘ಕಟ್ಟಾಯ’. “ಹಿರೀಸಾವೆ, ಫೋಕಸ್ ಎಲ್ಲಿಟ್ಟಿದ್ದೀಯಪ್ಪ? ಆಯಮ್ಮನ ಕಿವಿ ಮೇಲಾ?” ಹೀಗೆ ಬೈಸಿಕೊಂಡಾಗಲೆಲ್ಲ ಇಡೀ ಊರನ್ನೇ ಬೈದ ಹಾಗೆ ಆಗುತ್ತಿತ್ತು.

ಅವರು ಬಹಳ ಒಳ್ಳೆಯವರು, ದೇವತೆ ಎಂದೆಲ್ಲ ಈಗ ಗುಂಪಿನಲ್ಲಿ ಬರೆಯುತ್ತಿದ್ದಾರೆ. ನಾನು ಬರೆಯಲಿಲ್ಲ. ಹೊಗಳುವುದರಲ್ಲಿ ಮಹಾ ಜುಗ್ಗರು ಮೇಡಂ. ‘ಪರವಾಗಿಲ್ಲ’ ಅನ್ನುವುದೇ ಅವರ ಬಾಯಿಂದ ಬರುತ್ತಿದ್ದ ದೊಡ್ಡ ಮಾತು. ಊಟವಾದ ಮೇಲಿನ ತರಗತಿಯಲ್ಲಿ ದೀಪ ಆರಿಸಿ ನಮ್ಮ ಸಿನಿಮಾ ಹಾಕಿದರೆ ಎರಡನೇ ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದರು. ಎಬ್ಬಿಸಿದರೆ, ನಿದ್ದೆ ಎಲ್ಲಿ ಮಾಡಿದೆ, ಕಣ್ಣು ಮುಚ್ಚಿಕೊಂಡು ಸೌಂಡ್ ಕೇಳುತ್ತಿದ್ದೆ ಎಂದು ನಮ್ಮ ಮೇಲೇ ರೇಗುತ್ತಿದ್ದರು. ಕಾಫಿಯನ್ನು ಎರಡು ಲೋಟಗಳಲ್ಲಿ ಎತ್ತಿ ಹುಯ್ದು ಹುಯ್ದು, ತಣ್ಣಗೆ ನೀರಿನಂತಾದ ಮೇಲೆ ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಅದನ್ನು ನೋಡಿ ಕ್ಯಾಂಟೀನಿನವನಿಗೆ ಬೇಜಾರು, ಇಷ್ಟು ಬಿಸಿ ಮಾಡಿ ಕೊಟ್ಟಿದ್ದು ಯಾಕೆ ಅಂತ.

ಅವರದು ಒಂದೇ ಒಂದು ಕಟ್ಟುಪಾಡು. ಯಾರದೇ ಫೋಟೊ ತೆಗೆದರೂ ಎರಡು ಪ್ರಿಂಟ್ ಹಾಕಿಸಬೇಕು. ಒಂದನ್ನು ಮೊದಲು ಫೋಟೊದಲ್ಲಿ ಇರುವವರ ಕೈಗೇ ಕೊಟ್ಟು ಬರಬೇಕು. ಆಮೇಲೆ ಇನ್ನೊಂದನ್ನು ತರಗತಿಗೆ ತರಬೇಕು. ಮೊಬೈಲ್ ಕಾಲದಲ್ಲಿ ಪ್ರಿಂಟ್ ಯಾಕೆ ಮೇಡಂ ಎಂದರೆ, ಮೊಬೈಲಿನಲ್ಲಿ ಬೆರಳು ತಾಗಿದರೆ ಮುಂದಿನದಕ್ಕೆ ಹೋಗುತ್ತದೆ, ಪ್ರಿಂಟು ಕೈಯಲ್ಲೇ ಇರುತ್ತದೆ ಎನ್ನುತ್ತಿದ್ದರು. ಫೋಟೊ ಮೇಜಿನ ಮೇಲೆ ಇಟ್ಟ ತಕ್ಷಣ ಅವರು ಅದನ್ನು ನೋಡುತ್ತಿರಲಿಲ್ಲ. ನಮ್ಮ ಮುಖ ನೋಡಿ ಕೇಳುತ್ತಿದ್ದರು: “ಅವರು ನೋಡಿದ್ರಾ?” ಇಲ್ಲ ಎಂದರೆ ಮುಗಿಯಿತು. ಅಂಗೈ ಅಡ್ಡ ಹಿಡಿದು ಫೋಟೊವನ್ನು ಬೋರಲು ಹಾಕಿ, “ನೆಕ್ಸ್ಟ್” ಎನ್ನುತ್ತಿದ್ದರು. ಬೈಗುಳ ಇಲ್ಲ, ಭಾಷಣ ಇಲ್ಲ. ಎಷ್ಟು ಕಷ್ಟಪಟ್ಟು ತೆಗೆದಿದ್ದರೂ ಬೆನ್ನು ಮೇಲಾಗಿ ಬಿದ್ದಿರುತ್ತಿತ್ತು.

ಹಾಗಾಗಿ ನಾವು ಶನಿವಾರ ಭಾನುವಾರ ಕಂಡವರ ಮನೆಗೆ ಫೋಟೊ ಹಂಚುತ್ತಾ ತಿರುಗಿದೆವು. ಹೋದಲ್ಲೆಲ್ಲ ಕಾಫಿ ಕೊಡುತ್ತಿದ್ದರು. ಆಮೇಲೆ, ಬಂದದ್ದು ಬಂದಿದ್ದೀರಿ, ಮಗಳದೊಂದು ಗಂಡಿನ ಕಡೆಗೆ ಕಳಿಸೋಕೆ, ಅಜ್ಜನದೊಂದು ಪಿಂಚಣಿಗೆ ಎಂದು ಸಾಲು ನಿಲ್ಲಿಸುತ್ತಿದ್ದರು. ಕಟ್ಟಾಯದವನ ಕಥೆ ಇನ್ನೂ ಚೆಂದ. ಅವನು ತಮ್ಮೂರಿನ ಮುದುಕರೊಬ್ಬರು ಬೀಡಿ ಸೇದುತ್ತಿದ್ದ ಫೋಟೊ ತೆಗೆದಿದ್ದ. ಪ್ರಿಂಟ್ ಹಿಡಿದುಕೊಂಡು ಹೋಗುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಮನೆಯವರು ಫೋಟೊ ಬಹಳ ಚೆನ್ನಾಗಿದೆ, ಗೋಡೆಗೆ ಹಾಕುತ್ತೇವೆ, ಆ ಬೀಡಿ ಒಂದು ತೆಗೆದುಕೊಡಪ್ಪ ಅಂದರು. ಇವನು ಕಂಪ್ಯೂಟರಿನಲ್ಲಿ ಬೀಡಿ ಅಳಿಸಿದ. ಬೆರಳು ಹಾಗೇ ಉಳಿಯಿತು. ಈಗಲೂ ಆ ಅಜ್ಜ ಗೋಡೆಯ ಮೇಲೆ ಯಾರಿಗೋ ಒಂದು ಚಿಟಿಕೆ ನಶ್ಯ ಕೊಡುತ್ತಿರುವವರ ಹಾಗೆ ಕೈ ಎತ್ತಿಕೊಂಡಿದ್ದಾರೆ. ತರಗತಿಯಲ್ಲಿ ಮೇಡಂ ಎಂದಿನಂತೆ, ಅವರು ನೋಡಿದ್ರಾ ಅಂದರು. ತೀರಿಕೊಂಡ್ರು ಮೇಡಂ, ಮನೆಯವರು ನೋಡಿ ಬೀಡಿ ತೆಗೆಸಿದ್ರು ಅಂದ ಇವನು. ಮೇಡಂ ಫೋಟೊ ಎತ್ತಿಕೊಂಡು ನೋಡಿದರು. ನಗು ತಡೆದು ತಡೆದು ಕಣ್ಣಲ್ಲಿ ನೀರು ಬಂತು ಅವರಿಗೆ. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈ ಕಟ್ಟುಪಾಡಿನ ಹಿಂದೆ ಏನೋ ದೊಡ್ಡ ದುರಂತ ಇರಲೇಬೇಕು ಎಂದು ನಮಗೆಲ್ಲ ನಂಬಿಕೆ. ಸಿನಿಮಾ ಓದುವವರಲ್ಲವೇ, ಫ್ಲ್ಯಾಶ್‌ಬ್ಯಾಕ್ ಇಲ್ಲದೆ ನಮಗೆ ಏನೂ ಅರ್ಥವಾಗುತ್ತಿರಲಿಲ್ಲ. ಅವರು ತೆಗೆದ ಫೋಟೊದಿಂದ ಯಾರದೋ ಮದುವೆ ಮುರಿಯಿತಂತೆ, ಯಾರೋ ಊರು ಬಿಟ್ಟರಂತೆ ಎಂದೆಲ್ಲ ಹಾಸ್ಟೆಲಿನಲ್ಲಿ ಕಥೆ ಕಟ್ಟಿದ್ದೆವು. ಒಂದು ದಿನ ಕಟ್ಟಾಯ ಕ್ಯಾಂಟೀನಿನಲ್ಲಿ ನೇರವಾಗಿ ಕೇಳಿಯೇಬಿಟ್ಟ. ಮೇಡಂ ಕಾಫಿ ಎತ್ತಿ ಹುಯ್ಯುವುದನ್ನು ನಿಲ್ಲಿಸಲಿಲ್ಲ. “ಕಾರಣ ಗೀರಣ ಏನೂ ಇಲ್ಲ ಕಣಪ್ಪ. ಅವರ ಮುಖ, ಅವರನ್ನ ಕೇಳ್ಬೇಕು. ಅಷ್ಟೇ,” ಅಂದರು. ನಮಗೆ ಭಾರೀ ನಿರಾಸೆಯಾಯಿತು.

ನನ್ನ ಕೊನೆಯ ವರ್ಷದ ಸಿನಿಮಾದ ವಿಷಯಕ್ಕೆ ಬರುತ್ತೇನೆ. ನಮ್ಮಪ್ಪ ಹಿರೀಸಾವೆಯಲ್ಲಿ ರಸ್ತೆ ಬದಿ ಹೋಟೆಲ್ ನಡೆಸುತ್ತಿದ್ದರು. ನಾನು ಈ ಓದಿಗೆ ಸೇರಿದ್ದೇ ಅವರಿಗೆ ಸರಿಬಂದಿರಲಿಲ್ಲ. “ಮದ್ವೆ ವಿಡಿಯೊ ತೆಗಿಯಾಕೆ ಯೂನಿವರ್ಸಿಟಿ ಯಾಕ್ಲಾ ಬೇಕು? ಕಣ್ಣಿದ್ರೆ ಸಾಕಲ್ವ?” ಎನ್ನುತ್ತಿದ್ದರು. ಕೊನೆಗೊಂದು ಒಪ್ಪಂದಕ್ಕೆ ಬಂದಿದ್ದೆವು. ವಿದ್ಯಾರ್ಥಿಗಳ ಕಿರುಚಿತ್ರ ಸ್ಪರ್ಧೆಗೆ ನನ್ನ ಸಿನಿಮಾ ಆಯ್ಕೆಯಾದರೆ ಮುಂದೆ ಓದಲು ಕಳಿಸುತ್ತಾರೆ. ಆಗದಿದ್ದರೆ ನಾನು ಬಾಯಿಮುಚ್ಚಿಕೊಂಡು ಊರಿಗೆ ಬರಬೇಕು. ಆ ಸಿನಿಮಾದ ಮೇಲೆ ನನ್ನ ಬದುಕೇ ನಿಂತಿದೆ ಎಂದುಕೊಂಡಿದ್ದೆ.

ಹಾಸನ, ಹೊಳೆನರಸೀಪುರದ ಮಧ್ಯೆ ಓಡುವ ಬಸ್ಸಿನ ಕಂಡಕ್ಟರ್ ಅಕ್ಕ ಒಬ್ಬರನ್ನು ನಾನು ಆರಿಸಿಕೊಂಡಿದ್ದೆ. ಹೊಳೆನರಸೀಪುರದವರೇ, ವಯಸ್ಸಾದ ತಾಯಿಯ ಜೊತೆ ಇದ್ದರು. ಗಟ್ಟಿ ಗಂಟಲು. ಬಸ್ಸಿನೊಳಗೆ ನಾನು ಕ್ಯಾಮೆರಾ ಹಿಡಿದು ತೂರಾಡುತ್ತಿದ್ದರೆ, “ತಮ್ಮ, ಕಂಬಿ ಇಡ್ಕ. ಬಿದ್ರೆ ನಾನೇ ರಿಪೋರ್ಟ್ ಬರೀಬೇಕು,” ಎನ್ನುತ್ತಿದ್ದರು. ಅವರ ಬೆಳಗಿನಿಂದ ಸಂಜೆಯವರೆಗಿನ ದಿನವನ್ನು ತೆಗೆದೆ. ಕುಡಿದವನೊಬ್ಬ ಅವರಿಗೆ ಬಾಯಿಗೆ ಬಂದಂತೆ ಬೈದದ್ದು, ಅವರು ಹಿಂದಿನ ಸೀಟಿಗೆ ಹೋಗಿ ಕಣ್ಣು ಒರೆಸಿಕೊಂಡದ್ದು ಎಲ್ಲ ಸಿಕ್ಕಿತು.

ಆದರೆ ಸಿನಿಮಾದ ಜೀವ ಇದ್ದದ್ದು ಬೇರೆ ಒಂದು ಶಾಟಿನಲ್ಲಿ. ಹಾಸನದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದೆ. ತಡವಾಗಿ ಬಂದಿದ್ದರಿಂದ ತಕ್ಷಣ ತಿರುಗಿ ಹೊರಡಬೇಕು. ಅಕ್ಕ ಬಸ್ಸಿನ ಹಿಂದೆ ಹೋಗಿ ನಿಂತು ಊಟದ ಡಬ್ಬಿ ಬಿಚ್ಚುತ್ತಾರೆ. ಟಿಕೆಟ್ ಮೆಷಿನ್ನು ಹೆಗಲಿಗೆ ನೇತಾಡುತ್ತಿದೆ. ಮುಚ್ಚಳವನ್ನು ಮುಖಕ್ಕೆ ಮರೆ ಹಿಡಿದುಕೊಂಡು, ಕಂಟ್ರೋಲರ್ ಕಿಟಕಿಯ ಕಡೆ ಒಂದು ಕಣ್ಣಿಟ್ಟುಕೊಂಡು, ಅನ್ನ ಸಾರು ಗಬಗಬ ನುಂಗುತ್ತಾರೆ. ಡ್ರೈವರ್ ಹಾರನ್ ಹೊಡೆಯುತ್ತಾನೆ. ಡಬ್ಬಿ ಮುಚ್ಚಿ, ಬಾಟಲಿಯ ನೀರಿನಲ್ಲಿ ಕೈ ತೊಳೆದು, ಬಾಯಲ್ಲಿ ಇನ್ನೂ ಅನ್ನ ಇರುವಾಗಲೇ ಮುಂದಕ್ಕೆ ಓಡಿ ಬಂದು, “ಒಳೇನರ್ಸೀಪುರ, ಒಳೇನರ್ಸೀಪುರ” ಎಂದು ಕೂಗುತ್ತಾರೆ. ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಒಂದೇ ಶಾಟಿನಲ್ಲಿ ತೆಗೆದಿದ್ದೆ. ಕೈ ಒಂಚೂರೂ ಅಲುಗಿರಲಿಲ್ಲ. ಅದನ್ನು ನೋಡಿ ಕಟ್ಟಾಯ, ಇನ್ನೊಂದು ಸಲ ಹಾಕು ಅಂದ.

ಕಟ್ಟುಪಾಡಿನಂತೆ ಮೊದಲ ಪ್ರದರ್ಶನ ಹೊಳೆನರಸೀಪುರದಲ್ಲಿ, ಅಕ್ಕನ ಮನೆಯ ನಡುಮನೆಯಲ್ಲಿ. ಅವರ ತಾಯಿ ಒಳಗೆ ಕಾಫಿ ಮಾಡುತ್ತಿದ್ದರು. ಅಳುವ ಭಾಗಕ್ಕೆ ಬೇಡ ಅನ್ನುತ್ತಾರೇನೋ ಎಂದುಕೊಂಡಿದ್ದೆ. ಅದನ್ನು ಅಕ್ಕ ಸುಮ್ಮನೆ ನೋಡಿಕೊಂಡು ಹೋದರು. ಊಟದ ಶಾಟ್ ಬಂದ ಕೂಡಲೇ ಲ್ಯಾಪ್‌ಟಾಪಿನ ಪರದೆಗೆ ಕೈ ಅಡ್ಡ ಇಟ್ಟು ಅಡುಗೆಮನೆ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಅಳಾದು ಇರ್ಲಿ ಕಣಪ್ಪ. ಇದೊಂದ್ ಬ್ಯಾಡ, ತೆಗ್ದಾಕ್ಬುಡು,” ಅಂದರು. ಯಾಕಕ್ಕ ಎಂದೆ. “ಅವ್ವ ಕೋಳಿ ಕೂಗೋ ಒತ್ಗೆ ಎದ್ದು ಡಬ್ಬಿ ಕಟ್ತಾಳೆ. ಡಿಪೋದಲ್ಲಿ ಫ್ಯಾನ್ ಕೆಳಗೆ ಕುಂತ್ಕಂಡು ನಿಧಾನ್ವಾಗಿ ಉಣ್ತೀನಿ ಅಂತ ಏಳಿವ್ನಿ. ನೀನು ಇದ್ನ ಜನಕ್ಕೆ ತೋರ್ಸುದ್ರೆ ಇವತ್ತಲ್ಲ ನಾಳೆ ಅವಳ್ಗೆ ಗೊತ್ತಾಯ್ತದೆ.”

ನಾನು ಮಾರನೇ ದಿನವೇ ಪೆನ್‌ಡ್ರೈವ್ ಹಿಡಿದು ಮೇಡಂ ಕೊಠಡಿಗೆ ಹೋದೆ. ಒಂದು ಸಲ ನೋಡಿ ಮೇಡಂ, ನೋಡಿದ ಮೇಲೂ ತೆಗಿ ಅಂದ್ರೆ ತೆಗೀತೀನಿ ಎಂದೆ. ಅವರು ನೋಡಿದರೆ ಆ ಶಾಟನ್ನು ಬಿಡಲು ಅವರಿಗೇ ಮನಸ್ಸು ಬರುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಮೇಡಂ ಪೆನ್‌ಡ್ರೈವನ್ನು ಮುಟ್ಟಲಿಲ್ಲ.

“ಆಯಮ್ಮ ಬೇಡ ಅಂದ್ರಾ?”

“ಹೂಂ ಮೇಡಂ.”

“ಮತ್ತೆ ನಾನ್ಯಾರಪ್ಪ ನೋಡೋಕೆ? ಬೇಕಿದ್ರೆ ಹೋಗಿ ಇನ್ನೊಂದ್ಸಲ ಕೇಳು.”

ಬೇಡ ಅಂದವರನ್ನು ಇನ್ನೊಂದು ಸಲ ಏನು ಕೇಳುವುದು? ನನಗೆ ಪಿತ್ತ ನೆತ್ತಿಗೇರಿತ್ತು. ಶಾಟ್ ಕಿತ್ತುಹಾಕಿ ಸಿನಿಮಾ ಒಪ್ಪಿಸಿದೆ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ನೋಡಿ, “ಬೆಳಗಿಂದ ಸಂಜೆವರೆಗೆ ತೋರಿಸಿದ್ದೀರಿ. ಈಕೆ ಊಟವನ್ನೇ ಮಾಡೋದಿಲ್ವಾ?” ಅಂದರು. ಪಕ್ಕದಲ್ಲೇ ಕೂತಿದ್ದ ಮೇಡಂ ತಲೆ ಎತ್ತಿ ಫ್ಯಾನ್ ನೋಡುತ್ತಿದ್ದರು. ಸ್ಪರ್ಧೆಗೆ ಸಿನಿಮಾ ಆಯ್ಕೆಯಾಗಲಿಲ್ಲ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಒರೆಸಿ ಇಟ್ಟರು.

ಅಲ್ಲಿ ಬಹಳ ದಿನ ಕೂರಲಿಲ್ಲ ನಾನು. ಚನ್ನರಾಯಪಟ್ಟಣದಲ್ಲಿ ಸ್ಟುಡಿಯೊ ಇಟ್ಟೆ. ಅಪ್ಪ ಹೇಳಿದಂತೆಯೇ ಆಯಿತು, ಮದುವೆ ವಿಡಿಯೊ. ಕೆಲಸಕ್ಕೇನೂ ಬರವಿಲ್ಲ. ಆದರೆ ಒಂದು ವಿಚಾರಕ್ಕೆ ನನ್ನ ಮೇಲೆ ಗಿರಾಕಿಗಳಿಗೆ ಸಿಟ್ಟಿದೆ. ನಮ್ಮ ಕಡೆ ಮದುವೆ ವಿಡಿಯೊ ಎಂದರೆ ಊಟದ ಪಂಕ್ತಿ ಇರಲೇಬೇಕು. ಲೈಟು ಹಿಡಿದುಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುವುದು, ಬಾಯಿಗೆ ಹೋಳಿಗೆ ಇಟ್ಟುಕೊಂಡವರು ಕ್ಯಾಮೆರಾ ನೋಡಿ ಅಗಿಯುವುದನ್ನು ನಿಲ್ಲಿಸುವುದು, ಹೆಂಗಸರು ಸೆರಗು ಅಡ್ಡ ಹಿಡಿಯುವುದು. ನಾನು ಅದನ್ನು ತೆಗೆಯುವುದಿಲ್ಲ. ಊಟ ತೆಗೆಯದವನು ಎಂಥ ವಿಡಿಯೊದವನು ಎಂದು ಎಷ್ಟೋ ಜನ ಬೈದಿದ್ದಾರೆ. ಮೇಡಂ ಮೇಲೆ ಸಿಟ್ಟಿದ್ದರೂ ಈ ಅಭ್ಯಾಸ ಹೇಗೆ ಅಂಟಿಕೊಂಡಿತೋ ಗೊತ್ತಿಲ್ಲ.

ವರ್ಷಕ್ಕೊಮ್ಮೆ ವಿಭಾಗಕ್ಕೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಹೋದಾಗಲೆಲ್ಲ ಅರ್ಧ ತಮಾಷೆಗೆ, ಅರ್ಧ ಸಿಟ್ಟಿಗೆ, ಆ ಶಾಟ್ ಇನ್ನೂ ನನ್ನ ಹತ್ತಿರ ಇದೆ ಮೇಡಂ, ನೋಡ್ತೀರಾ ಎನ್ನುತ್ತಿದ್ದೆ. “ಕೇಳಿದ್ಯಾ?” ಎನ್ನುತ್ತಿದ್ದರು. ಇಲ್ಲ ಎಂದರೆ ಅಂಗೈಯನ್ನು ಮೇಜಿನ ಮೇಲೆ ಮಗುಚಿ ತೋರಿಸುತ್ತಿದ್ದರು. ಬೋರಲು. ಅಷ್ಟಕ್ಕೆ ಮಾತು ಮುಗಿದು ಕಾಫಿಗೆ ಹೋಗುತ್ತಿದ್ದೆವು. ನಿಜ ಹೇಳಬೇಕೆಂದರೆ ಸ್ಪರ್ಧೆಯನ್ನೆಲ್ಲ ನಾನು ಮರೆತು ಬಹಳ ಕಾಲವಾಗಿತ್ತು. ಮೇಡಂ ಅದನ್ನು ನೋಡಬೇಕು, ನೋಡಿ ‘ಪರವಾಗಿಲ್ಲ’ ಅನ್ನಬೇಕು, ಇದೊಂದೇ ಆಸೆ ಉಳಿದಿತ್ತು. ನಿವೃತ್ತಿಗೆ ಇನ್ನೂ ಕಾಲವಿದೆ, ಒಂದಲ್ಲ ಒಂದು ದಿನ ಸೋಲುತ್ತಾರೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ತಿಥಿಗೆ ಅರಕಲಗೂಡಿಗೆ ಹೋದೆ. ಮೇಡಂ ಮನೆಯಲ್ಲಿ ಅವರ ತಂಗಿ ಎಲ್ಲ ನೋಡಿಕೊಳ್ಳುತ್ತಿದ್ದರು. ಮೇಡಂ ಓದುವ ಮೇಜಿನ ಮೇಲೆ ಅದೇ ಫೋಟೊ, ಹಣೆಗೆ ಕೈ ಅಡ್ಡ ಇಟ್ಟುಕೊಂಡಿದ್ದು, ಮುಂದೆ ದೀಪ. ಕೈ ಮುಗಿದು ಊಟಕ್ಕೆ ಕೂತೆ. ಪಕ್ಕದ ಎಲೆಯ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಯೂನಿಫಾರ್ಮ್ ಇಲ್ಲದ್ದಕ್ಕೆ ನನಗೆ ಗುರುತು ಸಿಗಲಿಲ್ಲ. “ಕಂಬಿ ಇಡ್ಕಳಾದು ಕಲ್ತ್ಯಾ ತಮ್ಮ?” ಅಂದಾಗ ಗೊತ್ತಾಯಿತು, ಕಂಡಕ್ಟರ್ ಅಕ್ಕ. ಈಚೆಗೆ ಕೆಲವು ವರ್ಷಗಳಿಂದ ಅವರನ್ನು ಅರಕಲಗೂಡಿನ ಬಸ್ಸಿಗೆ ಹಾಕಿದ್ದಾರಂತೆ. ಮೇಡಂ ಸಿನಿಮಾದಲ್ಲಿ ನೋಡಿದ್ದ ಗುರುತು ಹಿಡಿದು ಮಾತಾಡಿಸಿದ್ದರಂತೆ, ದಿನಾ ಅವರ ಬಸ್ಸಿನಲ್ಲೇ ಬರುತ್ತಿದ್ದರಂತೆ, ಬಾಗಿಲ ಹಿಂದಿನ ಸೀಟು ಮೇಡಂಗೇ ಎಂದು ಅಕ್ಕ ಹಿಡಿದಿಡುತ್ತಿದ್ದರಂತೆ. ತಾಯಿ ಹೇಗಿದ್ದಾರೆ ಎಂದೆ. ಕಣ್ಣು ಮಂಜಾಗಿದೆ, ಆದರೂ ಡಬ್ಬಿ ಕಟ್ಟುವುದು ಬಿಟ್ಟಿಲ್ಲ ಅಂದರು.

ಪಾಯಸ ಬಡಿಸಿಕೊಂಡು ಹೋದ ಮೇಲೆ ಅಕ್ಕ ಕೇಳಿದರು: “ನಾನು ಬಸ್ಸಿನ ಇಂದೆ ನಿಂತ್ಕಂಡು ಉಣ್ಣಾದು ತೆಗ್ದಿದ್ದಲ್ಲ, ಅದ್ನ ಮೇಡಮ್ಮು ಏನಂದ್ರು?”

“ಅವರು ನೋಡ್ಲೇ ಇಲ್ಲ ಅಕ್ಕ. ನೀವು ಬೇಡ ಅಂದಿದ್ರಲ್ಲ.”

ಅಕ್ಕನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. “ನಾನು ಬ್ಯಾಡ ಅಂದಿದ್ದು ಜನಕ್ಕೆ ಕಣಪ್ಪ, ಅವ್ವಂಗೆ ಗೊತ್ತಾಯ್ತದೆ ಅಂತ. ಮೇಡಮ್ಮಂಗೆ ಯಾಕ್ ಬ್ಯಾಡ ಅನ್ಲಿ? ದಿನಾ ನನ್ ಬಸ್ಸಲ್ಲೇ ಕುಂತು ಬರೋರು, ಒಂದಿನಾನೂ ಇದ್ರ ಬಗ್ಗೆ ಬಾಯ್ಬುಡ್ಲಿಲ್ಲ. ನೀನಾದ್ರೂ ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ಮೇಡಂ ವರ್ಷ ವರ್ಷವೂ ಕೇಳು ಕೇಳು ಅಂದಿದ್ದರು. ನಾನೇ ಹೋಗಿ ಕೇಳಬೇಕಿತ್ತು, ಅದು ಅವರು ಕೇಳುವ ಮಾತಲ್ಲ. ಹೊಳೆನರಸೀಪುರ ಎಷ್ಟು ದೂರ? ಆ ದಾರಿಯಲ್ಲೇ ಎಷ್ಟು ಮದುವೆಗೆ ಹೋಗಿಬಂದಿದ್ದೆ ನಾನು. ಎಲೆ ಮುಂದೆ ಕೂತು ಅಳುವುದು ಚೆನ್ನಾಗಿರುವುದಿಲ್ಲ ಎಂದು ನೀರು ಕುಡಿದೆ. ಅಕ್ಕ ನನ್ನ ಎಲೆ ನೋಡಿ, ಉಣ್ಣು, ನಿಧಾನವಾಗಿ ಉಣ್ಣು ಅಂದರು. ಅವರೂ ನಿಧಾನವಾಗಿಯೇ ಊಟ ಮಾಡುತ್ತಿದ್ದರು.

ಅದಾದ ವಾರ ಶಾಟನ್ನು ಫೋನಿಗೆ ಹಾಕಿಕೊಂಡು ಹಾಸನದ ಸ್ಟ್ಯಾಂಡಿಗೆ ಹೋಗಿ ಅಕ್ಕನಿಗೆ ತೋರಿಸಿದೆ. ಮೊದಲ ಸಲ ಅವರು ಪೂರ್ತಿ ನೋಡಿದರು. “ಅಯ್ಯೋ ಶಿವ್ನೆ, ಎಂಗ್ ನುಂಗ್ತಾ ಇವ್ನಿ ನೋಡು” ಎಂದು ನಕ್ಕರು. ಒಂದು ಫ್ರೇಮನ್ನು ಪ್ರಿಂಟ್ ಹಾಕಿಸಿ ಮೇಡಂ ಮನೆಗೆ ಕೊಂಡುಹೋಗಲೇ ಎಂದು ಕೇಳಿದೆ. ಈ ಸಲ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದೆ. ಮೇಡಂಗೆ ಮಾತ್ರ ಆಗಬಹುದು ಅಂದರು. ಎರಡನೆಯ ಪ್ರಿಂಟ್ ನಿಮಗೆ ಎಂದೆ. ಈಗ ಬೇಡ, ಅವ್ವ ಇರೋಗಂಟ ನಿನ್ನತ್ರನೇ ಇರಲಿ ಎಂದು ಹೇಳಿ, ಸೀಟಿ ಊದಿ ಬಸ್ ಹತ್ತಿದರು.

ನಾನು ಅರಕಲಗೂಡಿಗೆ ಹೋದೆ. ಮೇಜಿನ ಮೇಲೆ ಫೋಟೊ, ದೀಪ ಹಾಗೇ ಇದ್ದವು. ಪ್ರಿಂಟನ್ನು ದೀಪದ ಕಂಬಕ್ಕೆ ಒರಗಿಸಿ, ಮೇಡಂ ಫೋಟೊದ ಕಡೆಗೆ ಮುಖ ಮಾಡಿ ನಿಲ್ಲಿಸಿದೆ. ಕೋಣೆಯ ಕಡೆಗೆ ಅದರ ಬಿಳಿ ಬೆನ್ನು ಮಾತ್ರ ಕಾಣುತ್ತಿತ್ತು. ಮೇಡಂ ತಂಗಿ ಕಾಫಿ ತಂದವರು ಅದನ್ನು ನೋಡಿ, “ಅದ್ಯಾಕಪ್ಪ ತಿರುಗ್ಸಿ ಇಟ್ಟಿದ್ದೀಯ? ಈ ಕಡೆ ಮಾಡು, ಬಂದೋರು ನೋಡ್ಲಿ,” ಅಂದರು.

“ಇರ್ಲಿ ಬಿಡಿ ಅಮ್ಮ,” ಎಂದೆ. “ಅದು ಮೇಡಂ ನೋಡೋಕೆ.”